5 ಮೈಕ್ರಾನ್ ಹಾಕಿದ ಮೇಲೂ ಕೈಕೊಟ್ಟ ಪಂಪ್: ಹೈಪೋ ಡೋಸಿಂಗ್ ಲೈನಿಗೆ ಫಿಲ್ಟರ್ ಆರಿಸಿದ ಒಂದು ಪ್ರಕರಣ

ಈ ಪ್ರಕರಣ ನಡೆದದ್ದು ಕೋಲಾರ–ಚಿತ್ತೂರು ಗಡಿ ಭಾಗದ ಒಂದು ಹಣ್ಣಿನ ತಿರುಳಿನ ಕಾರ್ಖಾನೆಯಲ್ಲಿ. ಕಾರ್ಖಾನೆಯ ಹೆಸರು, ಅಲ್ಲಿನ ಜನರ ಹೆಸರು, ಪಂಪಿನ ಕಂಪನಿ, ಯಾವುದನ್ನೂ ಬರೆಯುತ್ತಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಆದರೆ ತಪ್ಪುಗಳನ್ನು ಬದಲಿಸಿಲ್ಲ. ಅದರಲ್ಲಿ ಒಂದು ನನ್ನದೇ. ಡೋಸಿಂಗ್ ಪಂಪ್, ಅಂದರೆ ಔಷಧವನ್ನು ಅಳತೆಯಂತೆ ನೀರಿಗೆ ಬಿಡುವ ಸಣ್ಣ ಪಂಪ್, ನೋಡಿಕೊಳ್ಳುವವರು, ಅದಕ್ಕೆ ಸಾಮಾನು ತರಿಸುವವರು ಇದನ್ನು ಓದಿದರೆ ಒಂದು ಸೀಸನ್ ಕಷ್ಟ ಉಳಿಯಬಹುದು ಅಂತ ಬರೆದಿದ್ದೇನೆ.

ಹಿನ್ನೆಲೆ

ಕಾರ್ಖಾನೆಗೆ ನೀರು ಬರುವುದು ಬೋರ್‌ವೆಲ್‌ಗಳಿಂದ, ಗಂಟೆಗೆ 20 ಸಾವಿರ ಲೀಟರ್. ಆ ನೀರಿಗೆ ಕ್ರಿಮಿ ಸಾಯಲಿ ಅಂತ ಕ್ಲೋರಿನ್ ಇರುವ ದ್ರವ, ಸೋಡಿಯಂ ಹೈಪೋಕ್ಲೋರೈಟ್, ಸೇರಿಸಿ, ಸ್ಯಾಂಡ್ ಫಿಲ್ಟರ್ ದಾಟಿಸಿ, ಸಂಪಿಗೆ ಬಿಡುತ್ತಾರೆ. ಎಲ್ಲರೂ ಅದನ್ನು ಹೈಪೋ ಅಂತಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ. ಹಣ್ಣು ತೊಳೆಯಲು, ಮೆಷಿನ್ ತೊಳೆಯಲು, ಕ್ಯಾಂಟೀನಿಗೆ, ಎಲ್ಲಕ್ಕೂ ಅದೇ ನೀರು. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ, ಕ್ಲೋರಿನ್ ಹಾಕಿದ ನೀರಿನಲ್ಲಿ ಬಳಸುವ ಜಾಗದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇವರು ತಮ್ಮ ಗುರಿಯನ್ನು 0.5ಕ್ಕೆ ಇಟ್ಟುಕೊಂಡಿದ್ದರು.

ಲೆಕ್ಕ ಸರಳ. ಲೀಟರಿಗೆ 3 ಮಿಲಿಗ್ರಾಂ ಹಾಕಬೇಕು, ಅಂದರೆ ಗಂಟೆಗೆ 60 ಗ್ರಾಂ ಕ್ಲೋರಿನ್. ಶೇ. 10ರ ಹೈಪೋದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಇರುತ್ತದೆ. ಹಾಗಾಗಿ ಗಂಟೆಗೆ ಬೇಕಾದದ್ದು ಬರೀ 600 ಮಿಲಿಲೀಟರ್. ಇಷ್ಟು ಕಡಿಮೆಗೆ ಪಂಪ್ ಹೊಂದಿಸುವುದು ಕಷ್ಟ. ಅದಕ್ಕೆ 200 ಲೀಟರ್ ಟ್ಯಾಂಕಿನಲ್ಲಿ 20 ಲೀಟರ್ ಹೈಪೋ, 180 ಲೀಟರ್ ನೀರು ಬೆರೆಸಿ, ಗಂಟೆಗೆ 6 ಲೀಟರಿನಂತೆ ಬಿಡುತ್ತಿದ್ದರು. ಪಂಪ್ ಟ್ಯಾಂಕಿನ ಮುಚ್ಚಳದ ಮೇಲೆ ಕೂತಿತ್ತು. ತಳದಲ್ಲಿ ಫುಟ್ ವಾಲ್ವ್ (ಎಳೆಯುವ ಪೈಪಿನ ಬಾಯಿಯ ವಾಲ್ವ್), ಅಲ್ಲಿಂದ ಸುಮಾರು ಒಂದು ಮೀಟರ್ ಮೇಲಕ್ಕೆ ಎಳೆಯಬೇಕು. ಹೆಚ್ಚಿನ ಕಡೆ ಹೀಗೇ ಇರುತ್ತದೆ. ಜಾಗ ಉಳಿಯುತ್ತದೆ, ನೋಡಲೂ ಅಚ್ಚುಕಟ್ಟು.

ನಿಮಿಷಕ್ಕೆ 100 ಹೊಡೆತದ ಡಯಾಫ್ರಾಮ್ ಪಂಪ್ ಅದು, ಬಾಗುವ ಹಾಳೆಯೊಂದು ಹಿಂದೆ ಮುಂದೆ ಆಡಿ ದ್ರವವನ್ನು ಎಳೆದು ತಳ್ಳುತ್ತದೆ. ಗಂಟೆಗೆ 6 ಲೀಟರ್ ಅಂದರೆ ನಿಮಿಷಕ್ಕೆ 100 ಮಿಲಿಲೀಟರ್, ಒಂದು ಹೊಡೆತಕ್ಕೆ ಒಂದೇ ಮಿಲಿಲೀಟರ್. ಹತ್ತಿಪ್ಪತ್ತು ಹನಿ, ಅಷ್ಟೇ. ಇಷ್ಟು ಸಣ್ಣ ಅಳತೆಯಲ್ಲಿ ಕೆಲಸ ಮಾಡುವ ಯಂತ್ರಕ್ಕೆ ಒಂದು ಮರಳಿನ ಕಾಳೂ ದೊಡ್ಡದು, ಒಂದು ಗುಳ್ಳೆಯೂ ದೊಡ್ಡದು. ಕಾಳಿನ ಬಗ್ಗೆ ನಾವೆಲ್ಲ ಯೋಚಿಸಿದೆವು. ಗುಳ್ಳೆಯ ಬಗ್ಗೆ ಯೋಚಿಸಲು ತಡವಾಯಿತು.

ತೊಂದರೆ ಶುರುವಾದದ್ದು

ಏಪ್ರಿಲ್ ಮೊದಲ ವಾರ, ಸೀಸನ್ನಿಗೆ ಮುಂಚಿನ ಟ್ರಯಲ್ ಓಟದಲ್ಲೇ, ಕೆಲವು ದಿನ ಕ್ಲೋರಿನ್ ಪೂರ್ತಿ ಸೊನ್ನೆ ಬರತೊಡಗಿತು. ಪಂಪ್ ಟಕ್ ಟಕ್ ಅಂತ ಓಡುತ್ತಲೇ ಇರುತ್ತಿತ್ತು, ಔಷಧ ಮಾತ್ರ ಹೋಗುತ್ತಿರಲಿಲ್ಲ. ಪಂಪ್ ನಿಂತರೆ ಯಾರಾದರೂ ನೋಡುತ್ತಾರೆ. ಓಡುತ್ತಾ ಕೆಲಸ ಮಾಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಇಲ್ಲಿ ಗೊತ್ತಾದದ್ದು ಗುಣಮಟ್ಟ ವಿಭಾಗದ ಮೇಡಂ ಪ್ರತಿ ಎರಡು ಗಂಟೆಗೊಮ್ಮೆ ಕೈಯಾರೆ ಕ್ಲೋರಿನ್ ಪರೀಕ್ಷೆ ಮಾಡುತ್ತಿದ್ದರಿಂದ. ಅವರ ಆ ಶಿಸ್ತು ಇರದಿದ್ದರೆ ಈ ಪ್ರಕರಣ ಬೇರೆ ರೀತಿಯಲ್ಲಿ ಮುಗಿಯುತ್ತಿತ್ತು.

ಪಂಪಿನ ತಲೆ ಬಿಚ್ಚಿದಾಗ, ಸಕ್ಷನ್ (ಎಳೆಯುವ ಕಡೆಯ) ವಾಲ್ವಿನ ಬಾಲ್ ಕೆಳಗೆ ಬಿಳಿ ಪುಡಿ ಸಿಕ್ಕಿತು. ಬಾಲ್ ಸರಿಯಾಗಿ ಕೂರದಿದ್ದರೆ ಎಳೆದ ದ್ರವ ಹಾಗೇ ವಾಪಸ್ ಜಾರುತ್ತದೆ. ತೊಳೆದು ಹಾಕಿದರೆ ಸರಿ. ಎರಡು ದಿನ ಬಿಟ್ಟು ಮತ್ತೆ ಅದೇ. ಮೇಂಟೆನೆನ್ಸ್ ಇಂಚಾರ್ಜ್ ಹೇಳಿದ್ದು ನ್ಯಾಯವಾದ ಮಾತೇ: "ಕಸ ಬರ್ತಾ ಇದೆ. ಫಿಲ್ಟರ್ ಹಾಕೋಣ."

ಸ್ಟೋರಿನಲ್ಲಿ ಅರ್ಧ ಇಂಚಿನ ವೈ-ಸ್ಟ್ರೇನರ್, ಅಂದರೆ ಪೈಪಿನ ನಡುವೆ ಕೂರಿಸುವ ಜಾಲರಿ ಫಿಲ್ಟರ್, ಇತ್ತು. ಪಿವಿಸಿ ಬಾಡಿ, ಒಳಗೆ 100 ಮೆಶ್‌ನ (ಇಂಚಿಗೆ 100 ತೂತು) ಎಸ್‌ಎಸ್ 304, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ. ಕೈಗೆ ಸಿಕ್ಕಿತು, ಹಾಕಿದರು. ಹತ್ತು ದಿನ ಚೆನ್ನಾಗಿ ನಡೆಯಿತು. ಆಮೇಲೆ ಪಂಪ್ ಏರ್ ಹಿಡಿಯಲು (ಒಳಗೆ ಗಾಳಿ ತುಂಬಿ ದ್ರವ ಹೋಗದಂತಾಗಲು) ಶುರುವಾಯಿತು, ಅದೂ ಮೊದಲಿಗಿಂತ ಜಾಸ್ತಿ.

ಆಗ ನನಗೆ ಫೋನ್ ಬಂತು. "ಸಾರ್, 100 ಮೆಶ್ ಸಾಕಾಗ್ತಾ ಇಲ್ಲ. ಇನ್ನೂ ಸಣ್ಣದು ಹಾಕಲಾ? ಕಾರ್ಟ್ರಿಜ್ ಹೌಸಿಂಗ್ ಇದೆ, 5 ಮೈಕ್ರಾನ್."

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಕಾರ್ಟ್ರಿಜ್ ಅಂದರೆ ಕಟ್ಟಿಕೊಂಡಾಗ ಬದಲಿಸುವ ಫಿಲ್ಟರ್, ಹೌಸಿಂಗ್ ಅಂದರೆ ಅದು ಕೂರುವ ಡಬ್ಬಿ. ನಾನು ಇನ್ನೊಂದು ಸೈಟಿನಲ್ಲಿದ್ದೆ. ಗಂಟೆಗೆ 6 ಲೀಟರ್‌ಗೆ ಹತ್ತು ಇಂಚಿನ ಕಾರ್ಟ್ರಿಜ್ ಅಂದರೆ ಬೇಕಾದಷ್ಟು ದೊಡ್ಡದು, ತೊಂದರೆ ಏನಿದೆ ಅಂದುಕೊಂಡು "ಹಾಕಿ ನೋಡಿ" ಅಂದುಬಿಟ್ಟೆ. ಕಸ ಏನು, ಎಲ್ಲಿಂದ ಬರುತ್ತಿದೆ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಇವತ್ತಿಗೂ ಚುಚ್ಚುವುದು ಆ ಎರಡು ನಿಮಿಷದ ಫೋನ್ ಮಾತು.

ಕಾರ್ಟ್ರಿಜ್ ಹಾಕಿದ ಮೇಲೆ

ಮೊದಲ ದಿನ ಎಲ್ಲ ಸರಿ. ಎರಡನೇ ದಿನ ಸಂಜೆಗೆ ಕ್ಲೋರಿನ್ 0.5ರಿಂದ 0.3ಕ್ಕೆ ಇಳಿಯಿತು. ಆಪರೇಟರ್ ಸ್ಟ್ರೋಕ್ (ಪಂಪಿನ ಹೊಡೆತದ ಅಳತೆ) ಏರಿಸಿದರು. ಮೂರನೇ ದಿನ ಬೆಳಿಗ್ಗೆ ಮತ್ತೆ ಸೊನ್ನೆ. ಕಾರ್ಟ್ರಿಜ್ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಇತ್ತು. ಬದಲಿಸಿದರು. ಮತ್ತೆ ಎರಡು ದಿನ. ಹೀಗೆ ಕಾರ್ಟ್ರಿಜ್‌ಗಳು ಖಾಲಿಯಾಗುತ್ತಾ ಹೋದವು. ಬಾದಾಮಿ ಮಾವಿನ ಹಣ್ಣಿನ ಲೋಡ್ ಬರಲು ಶುರುವಾಗಿತ್ತು. ತೊಳೆಯುವ ನೀರಿನಲ್ಲಿ ಕ್ಲೋರಿನ್ ಇಲ್ಲದ್ದಕ್ಕೆ ಒಂದು ದಿನದ ಮಾಲನ್ನು ತಡೆಹಿಡಿಯಬೇಕಾಯಿತು.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ರಾತ್ರಿ ಪಾಳಿಯಲ್ಲಿ ಕಾರ್ಟ್ರಿಜ್ ತೆಗೆದಿಟ್ಟು, ಖಾಲಿ ಹೌಸಿಂಗ್ ಮುಚ್ಚಿ ಓಡಿಸುತ್ತಿದ್ದರು. ಯಾರೂ ಸುಳ್ಳು ಹೇಳಬೇಕೆಂದು ಮಾಡಿದ್ದಲ್ಲ. ಹೊಸ ಕಾರ್ಟ್ರಿಜ್ ಇರುತ್ತಿದ್ದದ್ದು ಬೀಗ ಹಾಕಿದ ಸ್ಟೋರಿನಲ್ಲಿ. ನೀರು ಮಾತ್ರ ನಿಲ್ಲುವಂತಿಲ್ಲ. ಹಾಗಾಗಿ ಇದ್ದುದರಲ್ಲಿ ಕೆಲಸ ನಡೆಸಿದರು. ಫಿಲ್ಟರ್ ಆರಿಸುವಾಗ ರಾತ್ರಿ ಎರಡು ಗಂಟೆಗೆ ಅದನ್ನು ಯಾರು, ಎಷ್ಟು ಹೊತ್ತಿನಲ್ಲಿ, ಯಾವ ಸಾಮಾನಿನಿಂದ ಸ್ವಚ್ಛ ಮಾಡುತ್ತಾರೆ ಅಂತಲೂ ಯೋಚಿಸಬೇಕು. ಎರಡು ದಿನಕ್ಕೊಮ್ಮೆ ಕಟ್ಟಿಕೊಳ್ಳುವ ಫಿಲ್ಟರನ್ನು ಜನ ತೆಗೆದುಹಾಕಿಯೇ ಹಾಕುತ್ತಾರೆ. ಅದು ಅವರ ತಪ್ಪಲ್ಲ, ಆರಿಸಿದವರ ತಪ್ಪು.

ಮೇ ಎರಡನೇ ವಾರ ನಾನು ಹೋದೆ.

ಜಾರ್, ಲೋಟ ಮತ್ತು ಒಂದು ರಿಜಿಸ್ಟರ್

ಮೊದಲು ಅಳೆದೆವು. ಫುಟ್ ವಾಲ್ವನ್ನು ಟ್ಯಾಂಕಿನಿಂದ ತೆಗೆದು, ನೆಲದ ಮೇಲಿಟ್ಟ ಒಂದು ಲೀಟರಿನ ಅಳತೆ ಜಾರಿನಲ್ಲಿ ಇಳಿಸಿ, ಒಂದು ನಿಮಿಷಕ್ಕೆ ಎಷ್ಟು ಇಳಿಯುತ್ತದೆ ಅಂತ ನೋಡಿದೆವು. ಕಾರ್ಟ್ರಿಜ್ ಇಲ್ಲದೆ 100 ಮಿಲಿಲೀಟರ್. ಹೊಸ ಕಾರ್ಟ್ರಿಜ್ ಹಾಕಿದಾಗ 96. ಒಂದೂವರೆ ದಿನ ಓಡಿದ ಕಾರ್ಟ್ರಿಜ್ ಹಾಕಿದಾಗ 70. ಫೋನಿನಲ್ಲಿ ನಾನು ಲೆಕ್ಕ ಹಾಕಿದ್ದು ಹೊಸ ಕಾರ್ಟ್ರಿಜ್‌ದು. ಓಡುವುದು ಹಳೆಯದು.

ಇದಕ್ಕೆ ಒಂದು ಕಾರಣ ಪಂಪ್ ದ್ರವವನ್ನು ಒಂದೇ ಸಮನೆ ಎಳೆಯುವುದಿಲ್ಲ ಎಂಬುದು. ಅರ್ಧ ಹೊತ್ತು ಎಳೆಯುತ್ತದೆ, ಅರ್ಧ ಹೊತ್ತು ತಳ್ಳುತ್ತದೆ. ಹೀಗಾಗಿ ಎಳೆತದ ನಡುಗಳಿಗೆಯಲ್ಲಿ ಹರಿವಿನ ವೇಗ ಸರಾಸರಿಯ ಮೂರು ಪಟ್ಟಿಗೂ ಸ್ವಲ್ಪ ಜಾಸ್ತಿ ಇರುತ್ತದೆ. ಗಂಟೆಗೆ 6 ಲೀಟರ್ ಅಂತ ಕೇಳಿದರೂ ಫಿಲ್ಟರ್ ಆ ಗಳಿಗೆಯಲ್ಲಿ ಗಂಟೆಗೆ 19 ಲೀಟರಿನ ವೇಗ ತಡೆದುಕೊಳ್ಳಬೇಕು. ಇನ್ನೊಂದು, ತಳ್ಳುವ ಕಡೆ ಪಂಪಿಗೆ ಬೇಕಾದಷ್ಟು ಬಲ ಇದೆ. ಎಳೆಯುವ ಕಡೆ ಇರುವುದು ಗಾಳಿಯ ಒತ್ತಡ ಮಾತ್ರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಕೋಲಾರವೂ ಅದೇ ಪ್ರಸ್ಥಭೂಮಿಯ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. ಕ್ಯಾಟಲಾಗಿನಲ್ಲಿ ಬರೆದ ಎಳೆಯುವ ಶಕ್ತಿ ನಮ್ಮ ಊರಿನಲ್ಲಿ ಅಷ್ಟೇ ಸಿಗುತ್ತದೆ ಅಂದುಕೊಳ್ಳಬಾರದು. ಇರುವ ಸ್ವಲ್ಪವನ್ನು ಫಿಲ್ಟರ್ ತಿಂದುಬಿಟ್ಟರೆ ದ್ರವದಲ್ಲಿ ಕರಗಿರುವ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ.

ಆಮೇಲೆ ಕಾರ್ಟ್ರಿಜ್ ಕೊಯ್ದೆವು. ಅದರ ಮೇಲಿನ ಬಿಳಿಯನ್ನು ಕೆರೆದು ಗಾಜಿನ ಲೋಟಕ್ಕೆ ಹಾಕಿ, ನೀರಿನಲ್ಲಿ ಏಳೆಂಟು ಸಲ ತೊಳೆದು, ತೊಳೆದ ನೀರಿನಲ್ಲಿ ಕ್ಲೋರಿನ್ ಸ್ವಲ್ಪವೂ ಇಲ್ಲ ಅಂತ ಪರೀಕ್ಷೆ ಮಾಡಿ, ಹೊರಗೆ ಬಯಲಿನಲ್ಲಿ ಇಟ್ಟು ವಿನೆಗರ್ ಹಾಕಿದೆವು. ಇಷ್ಟು ಎಚ್ಚರ ಯಾಕೆ ಅಂದರೆ, ಹೈಪೋಗೆ ಯಾವ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ, ಅದು ಪ್ರಾಣಕ್ಕೇ ಅಪಾಯ. ತೊಳೆಯದೆ, ಪರೀಕ್ಷಿಸದೆ ಇದನ್ನು ಯಾರೂ ಮಾಡಬೇಡಿ. ಮುಚ್ಚಿದ ರೂಮಿನಲ್ಲಂತೂ ಬೇಡವೇ ಬೇಡ.

ಬುಸ್ ಅಂತ ನೊರೆ ಬಂತು. ಹೆಚ್ಚಿನ ಭಾಗ ಕರಗಿ ಹೋಯಿತು. ಅದು ಹೊರಗಿಂದ ಬಂದ ಕಸವೇ ಅಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್. ಮನೆಯಲ್ಲಿ ನೀರು ಕಾಯಿಸುವ ಪಾತ್ರೆಗೆ ಹತ್ತುತ್ತದಲ್ಲ, ಅದೇ.

ಬೆರೆಸಲು ಬಳಸುತ್ತಿದ್ದದ್ದು ನೇರ ಬೋರ್‌ವೆಲ್ ನೀರು. ಅದರ ಗಡಸುತನ (ನೀರಿನಲ್ಲಿ ಕರಗಿರುವ ಸುಣ್ಣದಂಥ ಅಂಶ) ಲೀಟರಿಗೆ ಸುಮಾರು 500 ಮಿಲಿಗ್ರಾಂ. ಹೈಪೋ ತುಂಬಾ ಕ್ಷಾರ, ಅದು ಕೆಡದಿರಲಿ ಅಂತ ತಯಾರಿಸುವವರೇ ಸ್ವಲ್ಪ ಕಾಸ್ಟಿಕ್ ಸೋಡಾ ಉಳಿಸಿರುತ್ತಾರೆ. ಗಡಸು ನೀರಿಗೆ ಕ್ಷಾರ ಸೇರಿದ ತಕ್ಷಣ ಕ್ಯಾಲ್ಸಿಯಂ ಬಿಳಿಯಾಗಿ ಇಳಿಯಲು ಶುರುವಾಗುತ್ತದೆ. 180 ಲೀಟರ್ ನೀರಿನಲ್ಲಿ 90 ಗ್ರಾಂ ಗಡಸು ಇದೆ. ಅರ್ಧ ಇಳಿದರೂ ಪ್ರತಿ ಟ್ಯಾಂಕಿಗೆ 45 ಗ್ರಾಂ. ಇದನ್ನು ಆಪರೇಟರಿಗೆ ಒಂದು ಹಿಡಿ ಗೋಡೆ ಸುಣ್ಣ ತೋರಿಸಿ ವಿವರಿಸಿದೆ. ಅವರು ಹೇಳಿದ್ದು: "ಅಂದ್ರೆ ನಾವೇ ಸುಣ್ಣ ಮಾಡಿ, ನಾವೇ ಸೋಸ್ತಾ ಇದ್ದೀವಿ." ಅದಕ್ಕಿಂತ ಸ್ಪಷ್ಟವಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಇನ್ನೂ ಮುಖ್ಯವಾದದ್ದು, ಈ ಇಳಿಯುವಿಕೆ ಒಂದೇ ಸಲ ಮುಗಿಯುವುದಿಲ್ಲ, ಗಂಟೆಗಟ್ಟಲೆ ನಡೆಯುತ್ತಲೇ ಇರುತ್ತದೆ. ಫಿಲ್ಟರ್ ದಾಟಿದ ತಿಳಿಯಾದ ದ್ರವದಲ್ಲೂ ಮುಂದೆ ಹೊಸ ಹರಳು ಹುಟ್ಟಬಹುದು, ವಾಲ್ವಿನ ಸೀಟಿನ ಮೇಲೇ ಬೆಳೆಯಬಹುದು. 5 ಬೇಡ, 1 ಮೈಕ್ರಾನ್ ಹಾಕಿದ್ದರೂ ಗೆಲ್ಲುತ್ತಿರಲಿಲ್ಲ.

ವಿನೆಗರ್‌ಗೆ ಕರಗದೆ ಲೋಟದ ತಳದಲ್ಲಿ ಉಳಿದದ್ದೂ ಅಷ್ಟೇ ಪಾಠ ಹೇಳಿತು. ಟ್ಯಾಂಕಿಗೆ ತೂತು ಕೊರೆದಾಗ ಒಳಗೆ ಬಿದ್ದ ಪ್ಲಾಸ್ಟಿಕ್ ಸುರುಳಿ, ಟೆಫ್ಲಾನ್ ಟೇಪಿನ ಎಳೆ, ಒಂದಿಷ್ಟು ಮರಳು. ಜೊತೆಗೆ ಕಂದು ಬಣ್ಣದ ಚೂರುಗಳು. ಅವು ಬಂದದ್ದು ಎಸ್‌ಎಸ್ ಜಾಲರಿಯಿಂದ. ಕಾರ್ಟ್ರಿಜ್ ಹಾಕಿದಾಗಲೂ ಹಳೆಯ ಸ್ಟ್ರೇನರ್ ಅಲ್ಲೇ ಇತ್ತು. ಬಿಚ್ಚಿದರೆ ಜಾಲರಿ ಅಲ್ಲಲ್ಲಿ ತಿಂದುಹೋಗಿ, ಬೆರಳಿಗೆ ಕಂದು ಹತ್ತುವಂತಿತ್ತು. ಸ್ಟೇನ್‌ಲೆಸ್ ಅಂದಮಾತ್ರಕ್ಕೆ ಎಲ್ಲಕ್ಕೂ ಆಗುವುದಿಲ್ಲ. ಹೈಪೋ 304ನ್ನೂ ತಿನ್ನುತ್ತದೆ, 316ನ್ನೂ ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ಜೊತೆಗೆ ನಿಕ್ಕಲ್, ತಾಮ್ರ, ಕೋಬಾಲ್ಟ್‌ನಂಥ ಲೋಹ ಚೂರು ಸೇರಿದರೂ ಹೈಪೋ ಬೇಗ ಒಡೆದು ಆಮ್ಲಜನಕ ಬಿಡುತ್ತದೆ. ಸ್ಟೇನ್‌ಲೆಸ್‌ನಲ್ಲಿ ನಿಕ್ಕಲ್ ಇದ್ದೇ ಇದೆ. ಅಂದರೆ ಪಂಪನ್ನು ಕಾಪಾಡಲು ಹಾಕಿದ ಜಾಲರಿಯೇ ಪಂಪಿನ ಪಕ್ಕದಲ್ಲಿ ಅನಿಲ ಹುಟ್ಟಿಸುತ್ತಿತ್ತು.

ಇದು ಸುಮ್ನೆ ಊಹೆಯಲ್ಲ ಅಂತ ತೋರಿಸಿದ್ದು ಮೇಡಂ ಅವರ ರಿಜಿಸ್ಟರ್. ಸೊನ್ನೆ ಬಂದ ಹೊತ್ತುಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆವು. ಬಹುಪಾಲು ಬೆಳಗಿನ ಮೊದಲ ಪರೀಕ್ಷೆಯಲ್ಲಿ, ಉಳಿದವು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಸಂಪು ತುಂಬಿದ ಮೇಲೆ ಬೆಳಗಿನ ಜಾವದಲ್ಲಿ ಕೆಲವು ಗಂಟೆ ಬೋರ್‌ವೆಲ್ ನಿಲ್ಲುತ್ತದೆ, ಅದರ ಜೊತೆಗೆ ಡೋಸಿಂಗ್ ಪಂಪೂ ನಿಲ್ಲುತ್ತದೆ. ನಿಂತ ಲೈನಿನಲ್ಲಿ ಗುಳ್ಳೆಗಳು ಸೇರುತ್ತವೆ. ಕಾರ್ಟ್ರಿಜ್ ಹೌಸಿಂಗಿನ ಒಳದಾರಿ, ಹೊರದಾರಿ ಎರಡೂ ಮೇಲ್ಗಡೆ ಇರುತ್ತವೆ. ಅನಿಲ ಸೇರುವುದೂ ಅಲ್ಲೇ. ಪಂಪ್ ಶುರುವಾದ ತಕ್ಷಣ ಒಟ್ಟಿಗೆ ಒಂದು ದೊಡ್ಡ ಗುಳ್ಳೆಯನ್ನು ನುಂಗುತ್ತದೆ. ಹೊಡೆತಕ್ಕೆ ಒಂದು ಮಿಲಿಲೀಟರ್ ತಳ್ಳುವ ತಲೆಯೊಳಗೆ ಅನಿಲ ತುಂಬಿದರೆ, ಡಯಾಫ್ರಾಮ್ ಅದನ್ನೇ ಅಮುಕುತ್ತಾ ಬಿಡುತ್ತಾ ಇರುತ್ತದೆ. ಮುಂದಿರುವ 3 ಬಾರ್ ಒತ್ತಡವನ್ನು ದಾಟುವುದೇ ಇಲ್ಲ. ಮಧ್ಯಾಹ್ನದ ಕಾರಣ ತಗಡಿನ ಮಾಡು. ಹೈಪೋ ಬಿಸಿ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಮೂರು ಪಟ್ಟಾಗುತ್ತದೆ.

ಯಾವುದನ್ನು ಆರಿಸುವುದು

ಮಧ್ಯಾಹ್ನ ಊಟದ ಮೇಲೆ ಎಲ್ಲರೂ ಕೂತೆವು. ಸಾಮಾನು ಕೊಡುವ ಒಬ್ಬರು ದೊಡ್ಡ ಪಂಪ್ ಸೂಚಿಸಿದ್ದರು. ಇನ್ನೊಬ್ಬರು ಎರಡು ಕಾರ್ಟ್ರಿಜ್ ಹೌಸಿಂಗ್ ಜೋಡಿಸಿ, ಒಂದು ಓಡುವಾಗ ಇನ್ನೊಂದನ್ನು ತೊಳೆಯಿರಿ ಅಂದಿದ್ದರು. ಎರಡೂ ಕೆಲಸ ಮಾಡದೇ ಇರುವ ಸಲಹೆಗಳೇನಲ್ಲ. ಬೇರೆ ಕಡೆ ಸರಿಹೋಗಬಹುದು. ಆದರೆ ಇಲ್ಲಿ ತೊಂದರೆ ಮೂರು ಬೇರೆ ಬೇರೆ: ಹೊರಗಿನ ಕಸ, ಟ್ಯಾಂಕಿನಲ್ಲೇ ಹುಟ್ಟುವ ಸುಣ್ಣ, ಮತ್ತು ಅನಿಲ. ಫಿಲ್ಟರ್ ತಡೆಯಬಲ್ಲದ್ದು ಮೊದಲನೆಯದನ್ನು ಮಾತ್ರ. ಎರಡನೆಯದರಿಂದ ಅದು ಕಟ್ಟಿಕೊಳ್ಳುತ್ತದೆ. ಮೂರನೆಯದನ್ನು ಜಾಸ್ತಿ ಮಾಡುತ್ತದೆ.

ಸುಣ್ಣಕ್ಕೆ ಉತ್ತರ 15 ಮೀಟರ್ ದೂರದಲ್ಲೇ ಇತ್ತು. ಬಾಯ್ಲರಿಗೆ ಅಂತ ನೀರಿನ ಗಡಸು ತೆಗೆಯುವ ಸಾಫ್ಟ್ನರ್ ಇತ್ತು. ಅದರ ನೀರಿನ ಗಡಸುತನ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆ. ಬಾಯ್ಲರ್ ಕಡೆಯವರು ಮೊದಲು ಒಪ್ಪಲಿಲ್ಲ, ನಮಗೆ ಕಡಿಮೆ ಬೀಳುತ್ತೆ ಅಂದರು. ಸುಮಾರು ಒಂದೂವರೆ ದಿನಕ್ಕೆ 180 ಲೀಟರ್ ಅಂತ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು. ಅರ್ಧ ಇಂಚಿನ ಒಂದು ಪೈಪ್ ಎಳೆದರೆ ಮುಗಿಯಿತು.

ಫಿಲ್ಟರಿಗೆ ನಾನು ಹೇಳಿದ್ದು 60 ಮೆಶ್. ಇಂಚಾರ್ಜ್ ನನ್ನ ಮುಖ ನೋಡಿ ಕೇಳಿದರು: "ಸಾರ್, 5 ಮೈಕ್ರಾನ್ ತಡೀದೆ ಇದ್ದದ್ದನ್ನ 250 ಮೈಕ್ರಾನ್ ತಡೆಯುತ್ತಾ?"

ಸರಿಯಾದ ಪ್ರಶ್ನೆ. ಉತ್ತರ ಇದು: ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಸಕ್ಷನ್ ಕಡೆಯ ಜಾಲರಿಯ ಕೆಲಸ ದ್ರವವನ್ನು ಶುದ್ಧ ಮಾಡುವುದಲ್ಲ. ಬಾಲ್ ಮತ್ತು ಸೀಟಿನ ನಡುವೆ ಸಿಕ್ಕಿಕೊಳ್ಳುವಷ್ಟು ದೊಡ್ಡ ಚೂರು ಒಳಗೆ ಹೋಗದಂತೆ ನೋಡುವುದು. ಅದಕ್ಕಿಂತ ಸಣ್ಣದು ದ್ರವದ ಜೊತೆ ಹೊರಟುಹೋಗುತ್ತದೆ. ಎಷ್ಟು ಸಣ್ಣದು ಅನ್ನುವುದನ್ನು ಪಂಪಿನ ಕೈಪಿಡಿ ನೋಡಿ ತೀರ್ಮಾನಿಸಬೇಕು, ಕೈಗೆ ಸಿಕ್ಕ ಜಾಲರಿ ನೋಡಿ ಅಲ್ಲ. ಈ ಪಂಪಿಗೆ 60 ಸರಿಹೊಂದುತ್ತಿತ್ತು. ಇನ್ನೂ ಸಣ್ಣ ಚೂರನ್ನು ತಡೆಯಬೇಕು ಅನಿಸಿದರೆ ಟ್ಯಾಂಕ್ ತುಂಬುವ ಬಾಯಿಯಲ್ಲಿ ತಡೆಯೋಣ. ಅಲ್ಲಿ ಹರಿವು ತನ್ನಷ್ಟಕ್ಕೆ ಕೆಳಕ್ಕೆ ಬೀಳುತ್ತದೆ, ಪಂಪಿಗೆ ಯಾವ ಹೊರೆಯೂ ಇಲ್ಲ. ತುಂಬುವ ಬಾಯಿಗೆ 100 ಮೈಕ್ರಾನಿನ ಒಂದು ಚೀಲದ ಫಿಲ್ಟರ್ ಕಟ್ಟಿದೆವು.

ಮೆಶ್ ಮತ್ತು ಮೈಕ್ರಾನ್ ಬಗ್ಗೆ ಇಲ್ಲೇ ಒಂದು ಮಾತು. ಮೆಶ್ ಅಂಕಿ ಏರಿದಷ್ಟೂ ತೂತು ಸಣ್ಣದು, ಮೈಕ್ರಾನ್ ಅಂಕಿ ಏರಿದಷ್ಟೂ ತೂತು ದೊಡ್ಡದು. 40 ಮೆಶ್ ಅಂದರೆ ಸುಮಾರು 400 ಮೈಕ್ರಾನ್, 60 ಅಂದರೆ 250, 100 ಅಂದರೆ 150, 200 ಅಂದರೆ 75. ಸಾಮಾನು ತರಿಸುವ ಇಂಡೆಂಟ್‌ನಲ್ಲಿ ಬರೀ "60" ಅಂತ ಬರೆದರೆ 60 ಮೈಕ್ರಾನಿನದು ಬಂದು ಕೂರುತ್ತದೆ. ಎರಡನ್ನೂ ಬರೆಯಿರಿ.

ಅಳತೆಯಲ್ಲಿ ಪೈಪಿಗಿಂತ ದೊಡ್ಡದನ್ನು ಆರಿಸಿದೆವು. ಪೈಪ್ ಅರ್ಧ ಇಂಚು, ಸ್ಟ್ರೇನರ್ ಒಂದು ಇಂಚು. ಜಾಲರಿಯ ಹರವು ಜಾಸ್ತಿ ಇದ್ದಷ್ಟೂ ಕಟ್ಟಿಕೊಳ್ಳುವುದು ನಿಧಾನ. ಬಾಡಿ ಪಿವಿಸಿ, ಜಾಲರಿಯೂ ಪಿವಿಸಿ, ಸೀಲ್ ವೈಟಾನ್ ರಬ್ಬರಿನದು. ಲೋಹ ಎಲ್ಲೂ ಇಲ್ಲ, ಸ್ಪ್ರಿಂಗೂ ಇಲ್ಲ, ಸ್ಕ್ರೂವೂ ಇಲ್ಲ. ಹಳೆಯ ಹೌಸಿಂಗಿನ ನೈಟ್ರೈಲ್ ಓ-ರಿಂಗ್ ಮೂರು ವಾರದಲ್ಲೇ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅದೂ ಗಾಳಿ ಎಳೆಯುವ ಒಂದು ದಾರಿಯಾಗಿತ್ತು. ಜಾಲರಿ ಬಿಚ್ಚದೆಯೇ ಕಾಣಲಿ ಅಂತ ಪಾರದರ್ಶಕ ಬೌಲ್ ಇರುವುದನ್ನು ಆರಿಸಿದೆವು. ಅದರ ಮೇಲೆ ಬಿಸಿಲು ಬೀಳಬಾರದು, ಹಾಗಾಗಿ ನೆರಳಿನ ಕಡೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಜಾಗದ್ದು. ಟ್ಯಾಂಕನ್ನು ಎರಡಡಿ ಎತ್ತರದ ಕಟ್ಟೆಯ ಮೇಲೆ ಇಟ್ಟು, ಪಂಪನ್ನು ಕೆಳಗೆ ತಂದೆವು. ಈಗ ದ್ರವ ತಾನಾಗಿ ಪಂಪಿಗೆ ಇಳಿಯುತ್ತದೆ. ಲೈನ್ ಟ್ಯಾಂಕಿನಿಂದ ಪಂಪಿನವರೆಗೆ ಒಂದೇ ಇಳಿಜಾರು, ನಡುವೆ ಎಲ್ಲೂ ಉಬ್ಬು ಇಲ್ಲ. ಗುಳ್ಳೆ ಹುಟ್ಟಿದರೂ ಮೇಲಕ್ಕೆ ಟ್ಯಾಂಕಿಗೇ ವಾಪಸ್ ಹೋಗುತ್ತದೆ. ಎಳೆಯುವ ಪೈಪಿನ ಬಾಯಿ ಟ್ಯಾಂಕಿನ ತಳದಿಂದ ನಾಲ್ಕು ಬೆರಳು ಮೇಲೆ, ಹೂಳು ತಳದಲ್ಲೇ ಉಳಿಯಲಿ ಅಂತ.

ಇದರಲ್ಲಿ ಒಂದು ಅಪಾಯವೂ ಇದೆ. ಪಂಪ್ ಕೆಳಗಿದ್ದರೆ ಒಂದು ಜಾಯಿಂಟ್ ಸೋರಿದರೂ ಟ್ಯಾಂಕ್ ಪೂರ್ತಿ ನೆಲಕ್ಕೆ ಬರುತ್ತದೆ. ಅದಕ್ಕೆ ಇಡೀ ಟ್ಯಾಂಕಿನಷ್ಟು ಹಿಡಿಯುವ ತೊಟ್ಟಿ ಕಟ್ಟಿಸಿದೆವು. ಸ್ಟ್ರೇನರ್ ತೊಳೆಯಲು ಅದಕ್ಕೂ ಮೊದಲು ಒಂದು ವಾಲ್ವ್ ಬೇಕು. ಅಲ್ಲಿ ಸಾಮಾನ್ಯ ಬಾಲ್ ವಾಲ್ವ್ ಹಾಕಬಾರದು. ಮುಚ್ಚಿದಾಗ ಬಾಲಿನ ಹೊಟ್ಟೆಯೊಳಗೆ ಸಿಕ್ಕಿಬಿದ್ದ ಹೈಪೋ ಅನಿಲ ಬಿಡುತ್ತಲೇ ಇರುತ್ತದೆ, ಒತ್ತಡ ಏರಿ ವಾಲ್ವ್ ಒಡೆಯಬಹುದು. ಟ್ಯಾಂಕಿನ ಕಡೆಗೆ ಬಾಲಿನಲ್ಲಿ ಸಣ್ಣ ತೂತು ಇರುವ ವಾಲ್ವ್ ಸಿಗುತ್ತದೆ, ಅದನ್ನೇ ಕೇಳಿ ತರಿಸಬೇಕು. ಇಂಚಾರ್ಜ್ ಇದನ್ನು ನಂಬದೆ ವಾಲ್ವ್ ಕಂಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡರು. ನನಗೆ ಅದು ಇಷ್ಟವಾಯಿತು. ಎಲ್ಲರೂ ಹಾಗೆ ಕೇಳಬೇಕು.

ನಡೆದದ್ದು

ಒಂದು ಭಾನುವಾರ ಕೆಲಸ ಮುಗಿಯಿತು. ಟ್ಯಾಂಕ್ ಖಾಲಿ ಮಾಡಿ ತೊಳೆದಾಗ ತಳದಲ್ಲಿ ಒಂದು ಬಕೆಟ್‌ನಷ್ಟು ಬಿಳಿ ಕೆಸರು ಸಿಕ್ಕಿತು. ಮೊದಲ ಎರಡು ವಾರ ನಾನು ದಿನಾ ಫೋನ್ ಮಾಡುತ್ತಿದ್ದೆ. ಬೆಳಗಿನ ಪರೀಕ್ಷೆಯಲ್ಲಿ ಸೊನ್ನೆ ಬರಲಿಲ್ಲ. ಮಧ್ಯಾಹ್ನ ಒಂದು ಸಲ 0.3 ಬಂತು, ಹಳೆಯ ಹೈಪೋ ಕ್ಯಾನ್ ಬಳಸಿದ ದಿನ ಅದು. ಜಾಲರಿಯನ್ನು ವಾರಕ್ಕೊಮ್ಮೆ ತೆಗೆದು ನೋಡುವುದು ಅಂತ ಮಾಡಿದ್ದೆವು. ಮೂರನೇ ವಾರಕ್ಕೆ ತೊಳೆಯುವಷ್ಟು ಏನೂ ಸಿಗಲಿಲ್ಲ.

ಜುಲೈ ಮಧ್ಯದಲ್ಲಿ, ತೋತಾಪುರಿ ಜೋರಾಗಿದ್ದಾಗ, ಮತ್ತೆ ಫೋನ್ ಬಂತು. ಡೋಸ್ ಕಡಿಮೆಯಾಗುತ್ತಿದೆ, ಜಾಲರಿ ಮಾತ್ರ ಚೊಕ್ಕವಾಗಿದೆ. ಈ ಸಲ ನಾನು ಫೋನಿನಲ್ಲೇ ಉತ್ತರ ಕೊಡಲಿಲ್ಲ, ಹೋದೆ. ಹೈಪೋ ಮುಖ್ಯ ಪೈಪಿಗೆ ಸೇರುವ ಇಂಜೆಕ್ಷನ್ ನಳಿಕೆಯ ತುದಿ ಸುಣ್ಣ ಕಟ್ಟಿ ಸೂಜಿಯಷ್ಟು ಸಣ್ಣದಾಗಿತ್ತು. ಆ ಜಾಗದಲ್ಲಿ ಹೈಪೋ ಸೇರುವುದು 500ರ ಗಡಸು ನೀರಿಗೇ ತಾನೆ. ಟ್ಯಾಂಕಿನಲ್ಲಿ ಹುಟ್ಟುವುದು ನಿಂತಿದ್ದ ಸುಣ್ಣ ಈಗ ಅಲ್ಲಿ ಹುಟ್ಟುತ್ತಿತ್ತು. ಇದನ್ನು ನಾನು ಮೇ ತಿಂಗಳಲ್ಲೇ ಹೇಳಬೇಕಿತ್ತು. ಯಾವ ಫಿಲ್ಟರೂ ಇದಕ್ಕೆ ಮದ್ದಲ್ಲ. ಲೈನ್ ನಿಲ್ಲಿಸದೆ ಹೊರಗೆ ಎಳೆಯಬಹುದಾದ ನಳಿಕೆ ಹಾಕಿಸಿ, ತಿಂಗಳಿಗೊಮ್ಮೆ ಹೊರತೆಗೆದು, ಚೆನ್ನಾಗಿ ನೀರಲ್ಲಿ ತೊಳೆದ ಮೇಲೆ ಸ್ವಚ್ಛ ಮಾಡುವ ಪದ್ಧತಿ ಶುರುವಾಯಿತು.

ಇನ್ನೊಂದು ತಿರುವನ್ನು ನಾನು ನಿರೀಕ್ಷಿಸಿರಲಿಲ್ಲ. ಹೈಪೋ ಲೈನ್ ಸರಿಹೋದ ಖುಷಿಯಲ್ಲಿ, ಅದೇ 60 ಮೆಶ್ ಸ್ಟ್ರೇನರನ್ನು ಕೊಳಚೆ ನೀರಿನ ಘಟಕದ ಪಾಲಿಮರ್ (ಕೆಸರನ್ನು ಒಟ್ಟುಗೂಡಿಸುವ ಔಷಧ) ಲೈನಿಗೂ ಹಾಕಿದರು. ಒಂದೇ ಪಾಳಿಯಲ್ಲಿ ಕಟ್ಟಿತು. ಪಾಲಿಮರ್ ಪುಡಿ ಪೂರ್ತಿ ನೆನೆಯದಿದ್ದರೆ ಮೀನಿನ ಕಣ್ಣಿನಂಥ ಲೋಳೆ ಗಂಟುಗಳು ಉಳಿಯುತ್ತವೆ. ಅವು ಜಾಲರಿಗೆ ಅಂಟಿಕೊಂಡು ಹಾಳೆಯಾಗುತ್ತವೆ. ಸಣ್ಣ ತೂತಿನಲ್ಲಿ ಜೋರಾಗಿ ನುಗ್ಗಿಸಿದರೆ ಪಾಲಿಮರಿನ ಉದ್ದನೆಯ ಎಳೆಗಳೂ ತುಂಡಾಗಿ, ಕೆಸರು ಹಿಡಿದಿಡುವ ಗುಣವೇ ಕಡಿಮೆಯಾಗುತ್ತದೆ. ಅಲ್ಲಿ ಬೇಕಾದದ್ದು ಒರಟು ಜಾಲರಿ, ಮತ್ತು ಪುಡಿಯನ್ನು ನಿಧಾನವಾಗಿ ಉದುರಿಸಿ, ಸಾಕಷ್ಟು ಹೊತ್ತು ನೆನೆಯಲು ಬಿಡುವ ತಾಳ್ಮೆ. ಪಕ್ಕದ ಕಾಸ್ಟಿಕ್ ಲೈನಿಗೂ ಹಾಕಲು ಹೊರಟಿದ್ದರು, ತಡೆದೆ. ಶೇ. 50ರ ಕಾಸ್ಟಿಕ್ 20 ಡಿಗ್ರಿಯಲ್ಲಿ ನೀರಿಗಿಂತ ಐವತ್ತು ಪಟ್ಟಿಗೂ ಜಾಸ್ತಿ ಮಂದ, 12 ಡಿಗ್ರಿ ಹತ್ತಿರ ಹರಳುಗಟ್ಟುತ್ತದೆ. ಮೇ ತಿಂಗಳಲ್ಲಿ ಸಲೀಸಾಗಿ ದಾಟುವ ಜಾಲರಿಯಲ್ಲಿ ಅದು ಡಿಸೆಂಬರ್ ಬೆಳಿಗ್ಗೆ ತೆವಳುತ್ತದೆ. ಒಂದೇ ಕಾರ್ಖಾನೆ, ಒಂದೇ ಶೆಡ್, ಮೂರು ಟ್ಯಾಂಕ್, ಮೂರು ಬೇರೆ ಉತ್ತರ.

ಈಗ ಯಾರಾದರೂ ಫೋನ್ ಮಾಡಿ ಯಾವ ಫಿಲ್ಟರ್ ಹಾಕಲಿ ಅಂದರೆ, ನಾನು ಮೊದಲು ಕೇಳುವುದು ಕಟ್ಟಿಕೊಂಡ ಜಾಲರಿಯ ಫೋಟೋ. ಆಮೇಲೆ ಯಾವ ಹೊತ್ತಿನಲ್ಲಿ ಪಂಪ್ ಕೈಕೊಡುತ್ತದೆ, ಬೆರೆಸುವ ನೀರು ಯಾವುದು, ಪಂಪ್ ಟ್ಯಾಂಕಿಗಿಂತ ಮೇಲಿದೆಯೋ ಕೆಳಗಿದೆಯೋ ಅಂತ ವಿಚಾರಿಸುತ್ತೇನೆ. ಮೈಕ್ರಾನ್ ಮಾತು ಇದೆಲ್ಲ ಆದ ಮೇಲೆ.

ಸೀಸನ್ ಮುಗಿದ ಮೇಲೆ ಆ ಕಾರ್ಖಾನೆಗೆ ಇನ್ನೊಮ್ಮೆ ಹೋಗಿದ್ದೆ. ತಗಡಿನ ಮಾಡಿನ ಕೆಳಗೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು, ಆಪರೇಟರ್ ಅವರೇ ಯೋಚಿಸಿ ಮಾಡಿಸಿದ್ದಂತೆ. ಟ್ಯಾಂಕಿನ ಪಕ್ಕ ದಾರದಲ್ಲಿ ಒಂದು ನೋಟ್‌ಬುಕ್ ಕಟ್ಟಿತ್ತು. ಜಾಲರಿ ತೆಗೆದ ದಿನಾಂಕ, ಅದರಲ್ಲಿ ಸಿಕ್ಕಿದ್ದು, ತೆಗೆದವರ ಸಹಿ. ಕೊನೆಯ ಸಾಲಿನಲ್ಲಿ ಬರೆದಿತ್ತು: "ಟೇಪಿನ ಎಳೆ ಒಂದು. ಬೇರೆ ಏನಿಲ್ಲ."